ಪಿತ್ತಕೋಶದ ಕಲ್ಲಿಗೆ ಬಾಳೆದಿಂಡಿನ ರಸ ಸಾಕಾ ಡಾಕ್ಟ್ರೇ?

ಪ್ರಶ್ನೆ: ನಮ್ಮಮ್ಮಂಗೆ 52 ವರ್ಷ, ನಮ್ದು ಅಂಕೋಲಾ ಹತ್ರ ಒಂದು ಹಳ್ಳಿ. ಹೋದ ತಿಂಗ್ಳು ನೆಂಟ್ರ ಮನೇಲಿ ಕೋಳಿಸಾರು ವಡೆ ಉಂಡು ಬಂದಿದ್ರು, ರಾತ್ರಿ ಒಂದು ಗಂಟೆಗೆ ಹೊಟ್ಟೆ ಮೇಲ್ಗಡೆ ನೋವು ಶುರುವಾಗಿ ಬೆನ್ನಿಗೆ, ಬಲ ಹೆಗಲಿಗೆಲ್ಲ ಹೋಯ್ತು, ಕೂತ್ರೂ ಆಗ್ಲಿಲ್ಲ ಮಲಗಿದ್ರೂ ಆಗ್ಲಿಲ್ಲ, ಬೆಳಗಿನ ಜಾವ ತನ್ನಷ್ಟಕ್ಕೆ ನಿಂತ್ತು. ಇದು ಮೂರನೇ ಸಲ, ಮೊದ್ಲೆರಡು ಸಲ ಗ್ಯಾಸ್ ಅಂತ ಬಿಟ್ಟಿದ್ವಿ. ಸ್ಕ್ಯಾನಿಂಗ್‌ನಲ್ಲಿ ಪಿತ್ತಕೋಶದಲ್ಲಿ ನಾಲ್ಕೈದು ಕಲ್ಲು, ದೊಡ್ಡದು 9 ಮಿ.ಮೀ. ಪಿತ್ತಕೋಶನೇ ತೆಗೀಬೇಕು ಅಂತಾರೆ. ಪಕ್ಕದ ಮನೆಯವ್ರಿಗೆ ಬಾಳೆದಿಂಡಿನ ರಸ ಕುಡಿದೇ ಕಲ್ಲು ಬಿದ್ದೋಯ್ತಂತೆ. ನಾವೂ ಅದನ್ನೇ ಮಾಡಿ ನೋಡ್ಬಹುದಾ?

ಉತ್ತರ: ಪಕ್ಕದ ಮನೆಯವ್ರಿಗೆ ಬಿದ್ದದ್ದು ಕಿಡ್ನಿ ಕಲ್ಲಿರ್ಬೇಕು. ಅದಕ್ಕೆ ಮೂತ್ರದ ದಾರಿ ಇದೆ, ಚಿಕ್ಕದಾದ್ರೆ ನೀರು ಕುಡೀತಾ ಕುಡೀತಾ ಹೊರಗೆ ಬರತ್ತೆ. ಅಮ್ಮನ ಕಲ್ಲಿರೋದು ಬೇರೆ ಜಾಗದಲ್ಲಿ, ಲಿವರ್ ಕೆಳಗಿನ ಸಣ್ಣ ಚೀಲದೊಳಗೆ. ಲಿವರ್ ದಿನಕ್ಕೆ ಅರ್ಧದಿಂದ ಒಂದು ಲೀಟರ್ ಪಿತ್ತ ಮಾಡತ್ತೆ, ಅದ್ರಲ್ಲಿ ಸ್ವಲ್ಪಾನ ಈ ಚೀಲ ಗಟ್ಟಿ ಮಾಡಿ ಇಟ್ಕೊಳತ್ತೆ, ಅದು ಹಿಡಿಯೋದು ಬರೀ 30-50 ಮಿ.ಲೀ. ಪಿತ್ತದಲ್ಲಿ ಕೊಲೆಸ್ಟ್ರಾಲ್ ಕರಗೋದಕ್ಕಿಂತ ಜಾಸ್ತಿ ಆದ್ರೆ ಹರಳು ಕಟ್ಟಿ ಕಲ್ಲಾಗತ್ತೆ. ಎಣ್ಣೆಜಿಡ್ಡಿನ ಊಟ ಆದ ಕೂಡ್ಲೇ ಚೀಲ ಹಿಂಡ್ಕೊಳತ್ತೆ, ಆಗ ಕಲ್ಲು ಬಾಯಿಗೆ ಬಂದು ಸಿಕ್ಕಾಕೊಂಡ್ರೆ ನೀವು ಬರೆದ ಅದೇ ನೋವು, ಕಲ್ಲು ಹಿಂದೆ ಸರಿದ್ರೆ ನೋವೂ ನಿಲ್ಲತ್ತೆ. ಬಾಳೆದಿಂಡು ಪಲ್ಯಕ್ಕೆ ಒಳ್ಳೇದು, ಆದ್ರೆ ಅದರ ರಸ ಈ ಕಲ್ಲನ್ನ ಕರಗ್ಸೋದಿಲ್ಲ.

ಕರಗ್ಸೋ ಮಾತ್ರೆ ಇಲ್ವಾ ಅಂದ್ರೆ ಇದೆ, ಆದ್ರೆ ಅದು ಸಣ್ಣ ಕೊಲೆಸ್ಟ್ರಾಲ್ ಕಲ್ಲಿಗೆ ಮಾತ್ರ, ತಿಂಗಳುಗಟ್ಲೆ, ಕೆಲವ್ರಿಗೆ ಎರಡು ವರ್ಷ ನುಂಗ್ಬೇಕು, ಕರಗಿದ್ರೂ ಐದು ವರ್ಷದೊಳಗೆ ಅರ್ಧದಷ್ಟು ಜನಕ್ಕೆ ಮತ್ತೆ ಬರತ್ತೆ. ಬರೀ ಕಲ್ಲು ತೆಗೆದು ಚೀಲ ಬಿಟ್ರೂ ಅದೇ ಕತೆ, ಅದಕ್ಕೇ ಚೀಲ ಸಮೇತ ತೆಗೆಯೋದು. ಲ್ಯಾಪ್ರೋಸ್ಕೋಪಿ ಅಂದ್ರೆ ಹೊಟ್ಟೆಯೊಳಗೆ ಕ್ಯಾಮೆರಾ ಹಾಕಿ ಮಾಡೋ ಆಪರೇಷನ್, ಅದ್ರಲ್ಲಿ ಸಾಮಾನ್ಯವಾಗಿ ನಾಲ್ಕು ಸಣ್ಣ ತೂತು, ಒಂದೆರಡು ದಿನಕ್ಕೆ ಮನೆಗೆ. ಊತ ಜಾಸ್ತಿ ಇದ್ರೆ ಹೊಟ್ಟೆ ಕೊಯ್ಯಬೇಕಾಗಬಹುದು, ಅದನ್ನ ಮೊದ್ಲೇ ಕೇಳಿ ತಿಳ್ಕೊಳ್ಳಿ. ಕೊಯ್ದು ತೆಗೆದ ಕಲ್ಲನ್ನ ಡಬ್ಬಿಯಲ್ಲಿ ಹಾಕಿ ತೋರಿಸ್ತಾರಲ್ಲ, ಕೆಲವ್ರದ್ದು ನಮ್ಮ ಕಾಳುಮೆಣಸಿನ ಹಾಗೇ ಕರಿ, ಇನ್ನು ಕೆಲವ್ರದ್ದು ಹಳದಿ, ಬೆರಳಲ್ಲಿ ಉಜ್ಜಿದ್ರೆ ಸೋಪಿನ ಥರ ಜಾರತ್ತೆ.

ಒಂದು ವಿಷಯ ದಯವಿಟ್ಟು ಮನೆಯವ್ರಿಗೆಲ್ಲ ಹೇಳಿಡಿ. ಕಣ್ಣು ಹಳದಿ ಆದ್ರೆ, ಚಳಿ ಜ್ವರ ಬಂದ್ರೆ, ನೋವು ಆರು ಗಂಟೆ ಆದ್ರೂ ಬಿಡದಿದ್ರೆ, ಅದೇ ರಾತ್ರಿ ಆಸ್ಪತ್ರೆಗೆ ಹೋಗಿ. ನಮ್ಮ ಕಡೆ ಕಣ್ಣು ಹಳದಿ ಅಂದ ಕೂಡ್ಲೇ ಕಾಮಾಲೆ ಮದ್ದು ಹುಡುಕ್ತಾರೆ. ನಾನೇ ನೋಡಿದ ಒಬ್ಬ ಅಜ್ಜಿ ಹತ್ತು ದಿನ ಹಾಗೇ ಕಳ್ದು ಬಂದ್ರು, ಮೈಯೆಲ್ಲ ತುರಿಸಿ ಗೀರು, ಮಲ ಸುಣ್ಣದ ಬಣ್ಣ, ಕಲ್ಲು ಪಿತ್ತನಾಳಕ್ಕೆ ಇಳಿದಿತ್ತು. ಅದಕ್ಕೆ ಬಾಯಿಂದ ಟ್ಯೂಬ್ ಹಾಕಿ ತೆಗೆಯೋ ಇ.ಆರ್.ಸಿ.ಪಿ. ಬೇಕು, ನಮ್ಮ ಜಿಲ್ಲೆಯಿಂದ ಹೆಚ್ಚಿನವ್ರು ಹುಬ್ಳಿಗೋ ಮಣಿಪಾಲಕ್ಕೋ ಗೋವಾಕ್ಕೋ ಓಡ್ತಾರೆ. 2024ರ ಜುಲೈಯಲ್ಲಿ ಶಿರೂರು ಗುಡ್ಡ ಕುಸ್ದು ಹೆದ್ದಾರಿ ಬಂದಾದಾಗ ಏನಾಗಿತ್ತು ಅಂತ ನಿಮ್ಮೂರಿನವ್ರಿಗೆ ನಾನು ಹೇಳ್ಬೇಕಾಗಿಲ್ಲ. ಮೂರು ಸಲ ನೋವು ಬಂದಿದೆ, ಮಳೆಗಾಲಕ್ಕೆ ಮುಂಚೆ ಡೇಟ್ ತಗೊಳ್ಳಿ ಅನ್ನೋದು ಅದಕ್ಕೆ. ಆಪರೇಷನ್ ಮುಂಚೆ ಒಂದು ಇ.ಸಿ.ಜಿ. ಆಗ್ಲಿ, ಈ ವಯಸ್ಸಿನಲ್ಲಿ ಹಾರ್ಟಿನ ನೋವೂ ಹೊಟ್ಟೆ ಮೇಲೆ ಬರತ್ತೆ.

ಪ್ರಶ್ನೆ: ಶಿರಸಿ, 45 ವರ್ಷ, ಅಡಿಕೆ ತೋಟ. ಬೇರೆ ಯಾವುದಕ್ಕೋ ಸ್ಕ್ಯಾನ್ ಮಾಡ್ಸಿದ್ರೆ ಪಿತ್ತಕೋಶದಲ್ಲಿ ಕಲ್ಲಿದೆ ಅಂದ್ರು. ನೋವೇ ಇಲ್ಲ. ತೆಗೆಸ್ಲಾ?

ಉತ್ತರ: ಸದ್ಯಕ್ಕೆ ಬೇಡ. ಹೀಗೆ ಸುಮ್ನೆ ಕೂತ ಕಲ್ಲಿರೋರಲ್ಲಿ ಹೆಚ್ಚಿನವ್ರಿಗೆ ಜೀವಮಾನ ಪೂರ್ತಿ ಏನೂ ಆಗಲ್ಲ. ಕಲ್ಲು 3 ಸೆಂ.ಮೀ.ಗಿಂತ ದೊಡ್ಡದಿದ್ರೆ, ಜೊತೆಗೆ ಪಾಲಿಪ್ (ಚೀಲದ ಒಳಗೋಡೆಯಲ್ಲಿ ಬೆಳೆಯೋ ಸಣ್ಣ ಗಂಟು) ಇದ್ರೆ, ಚೀಲದ ಗೋಡೆ ಸುಣ್ಣಗಟ್ಟಿದ್ರೆ ಮಾತ್ರ ಸರ್ಜನ್ ಹತ್ರ ಕೂತು ಮಾತಾಡಿ. ಹೊಟ್ಟೆ ಕರಗ್ಸೋಕೆ ಅಂತ ಉಪವಾಸ ಬಿದ್ದು ತಿಂಗ್ಳಿಗೆ ಏಳೆಂಟು ಕೆ.ಜಿ. ಇಳ್ಸೋಕೆ ಹೋಗ್ಬೇಡಿ, ಅದ್ರಿಂದ್ಲೂ ಕಲ್ಲು ಹೆಚ್ಚತ್ತೆ, ನೋವೂ ಶುರುವಾಗಬಹುದು.

ಪ್ರಶ್ನೆ: ಪಿತ್ತಕೋಶ ತೆಗೆಸಿ ಮೂರು ವಾರ ಆಯ್ತು. ಇನ್ಮುಂದೆ ಮೀನು ತಿನ್ನೋ ಹಾಗೇ ಇಲ್ವಾ? ಕಾರವಾರದಲ್ಲಿದ್ದು ಮೀನು ಬಿಡೋದು ಹೇಗೆ ಹೇಳಿ.

ಉತ್ತರ: ಬಿಡ್ಬೇಡಿ. ಪಿತ್ತ ಮಾಡೋದು ಲಿವರ್, ಅದು ನಿಮ್ಮ ಹತ್ರಾನೇ ಇದೆ, ಈಗ ಪಿತ್ತ ನೇರ ಕರುಳಿಗೆ ಇಳಿಯತ್ತೆ ಅಷ್ಟೇ. ಕೆಲವ್ರಿಗೆ ಸ್ವಲ್ಪ ದಿನ ಜಿಡ್ಡು ತಿಂದ ಕೂಡ್ಲೇ ಭೇದಿ ಆಗತ್ತೆ, ಬಹಳ ಜನಕ್ಕೆ ಅದು ತಾನೇ ಸರಿಹೋಗತ್ತೆ, ತಿಂಗಳುಗಟ್ಲೆ ನಡೆದ್ರೆ ಮಾತ್ರ ತೋರಿಸಿ, ಅದಕ್ಕೂ ಔಷಧಿ ಇದೆ. ಈ ವಾರ ಬಂಗಡೆ ಸಾರು, ಕಾಯಿ ಸ್ವಲ್ಪ ಕಮ್ಮಿ ಹಾಕಿ, ಅನ್ನದ ಜೊತೆ. ಹೊಟ್ಟೆ ಒಪ್ಪಿದ್ರೆ ಇನ್ನೆರಡು ವಾರಕ್ಕೆ ರವೆ ಹಚ್ಚಿದ ಒಂದು ತುಂಡು ಫ್ರೈ.