ಗ್ರಾಫಿಕ್ಸ್ ಕಾರ್ಡ್: ಹಳೆಯದಕ್ಕೂ ಹೊಸದಕ್ಕೂ ಹೋಲಿಕೆ ಹೇಗೆ?

ಪ್ರಶ್ನೆ: ಪರಿಚಿತರೊಬ್ಬರು ತಮ್ಮ ಜಿಟಿಎಕ್ಸ್ 1080 ಟಿಐ ಕಾರ್ಡನ್ನು ಮಾರುತ್ತಿದ್ದಾರೆ. ಅಷ್ಟೇ ಹಣಕ್ಕೆ ಬಳಸಿದ ಆರ್‌ಟಿಎಕ್ಸ್ 3060 ಕೂಡ ಸಿಗುತ್ತಿದೆ. ಎರಡರಲ್ಲೂ 3584 ಕುಡಾ ಕೋರ್‌ಗಳಿವೆ (ಲೆಕ್ಕ ಮಾಡುವ ಪುಟ್ಟ ಘಟಕಗಳು), ಮೆಮೊರಿಯ ವೇಗದಲ್ಲಿ ಹಳೆಯದೇ ಮುಂದಿದೆ. ಹಾಗಿದ್ದ ಮೇಲೆ ಹಳೆಯದನ್ನೇ ಏಕೆ ಕೊಳ್ಳಬಾರದು?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ನೀವು ಕೊಟ್ಟ ಅಂಕಿಗಳು ಸರಿಯಾಗಿಯೇ ಇವೆ. 2017ರ ಮಾರ್ಚ್‌ನಲ್ಲಿ ಬಂದ 1080 ಟಿಐ ತನ್ನ 352 ಬಿಟ್ ಅಗಲದ ಮೆಮೊರಿ ದಾರಿಯಲ್ಲಿ ಸೆಕೆಂಡಿಗೆ 484 ಜಿಬಿ ಸಾಗಿಸಬಲ್ಲದು. 2021ರ ಫೆಬ್ರವರಿಯ 3060 ಕಾರ್ಡಿನ ದಾರಿ 192 ಬಿಟ್, ವೇಗ 360 ಜಿಬಿ. ಹಳೆಯ ಆಟಗಳಲ್ಲಿ ಎರಡನ್ನೂ ಪಕ್ಕಪಕ್ಕ ಇಟ್ಟು ಓಡಿಸಿದರೆ ಹೆಚ್ಚುಕಡಿಮೆ ಸಮಸಮ, ಹಲವೆಡೆ ಹಳೆಯದೇ ತುಸು ಮುಂದೆ. ಆದರೂ ನನ್ನ ಸಲಹೆ 3060 ಕಡೆಗೇ, ಮತ್ತು ಅದಕ್ಕೆ ಕಾರಣ ವೇಗವಲ್ಲ.

ಮೊದಲು ಕೋರ್‌ಗಳ ವಿಚಾರ. ಬೇರೆ ಬೇರೆ ತಲೆಮಾರಿನ ಕಾರ್ಡ್‌ಗಳ ಕೋರ್ ಸಂಖ್ಯೆಯನ್ನು ಹೋಲಿಸಿ ಏನನ್ನೂ ತೀರ್ಮಾನಿಸಲಾಗದು, ಏಕೆಂದರೆ ಯಾವುದನ್ನು ಕೋರ್ ಎಂದು ಎಣಿಸಬೇಕೆಂಬ ಕ್ರಮವೇ ನಡುವೆ ಬದಲಾಗಿದೆ. ಈ ಕಾರ್ಡ್‌ಗಳ ಕಂಪನಿಯಾದ ಎನ್‌ವಿಡಿಯಾದ 2018ರ ಟ್ಯೂರಿಂಗ್ ವಿನ್ಯಾಸದಲ್ಲಿ ದಶಮಾಂಶ ಲೆಕ್ಕಕ್ಕೆ ಒಂದು ಸಾಲು ಘಟಕಗಳು, ಪೂರ್ಣಾಂಕ ಲೆಕ್ಕಕ್ಕೆ ಇನ್ನೊಂದು ಸಾಲು ಇದ್ದವು. ಮೊದಲನೆಯ ಸಾಲನ್ನು ಮಾತ್ರ ಕೋರ್ ಎಂದು ಎಣಿಸಲಾಗುತ್ತಿತ್ತು. 3060 ಸೇರಿದ 2020ರ ಆಂಪಿಯರ್ ವಿನ್ಯಾಸದಲ್ಲಿ ಎರಡನೆಯ ಸಾಲಿಗೂ ದಶಮಾಂಶ ಲೆಕ್ಕ ಮಾಡುವ ಸಾಮರ್ಥ್ಯ ಬಂದದ್ದರಿಂದ ಎಣಿಕೆ ಒಮ್ಮೆಲೇ ಇಮ್ಮಡಿಯಾಯಿತು. ಆದರೆ ಪೂರ್ಣಾಂಕ ಲೆಕ್ಕ ಬಂದಾಗಲೆಲ್ಲ ಆ ಸಾಲು ಅದಕ್ಕೇ ತೊಡಗಬೇಕಾದ್ದರಿಂದ ಆಟಗಳ ವೇಗ ಇಮ್ಮಡಿಯಾಗಲಿಲ್ಲ. ಟ್ಯೂರಿಂಗ್‌ನ 4352 ಕೋರ್‌ಗಳ ಆರ್‌ಟಿಎಕ್ಸ್ 2080 ಟಿಐ ಮತ್ತು ಆಂಪಿಯರ್‌ನ 5888 ಕೋರ್‌ಗಳ ಆರ್‌ಟಿಎಕ್ಸ್ 3070 ಆಟಗಳಲ್ಲಿ ಸರಿಸುಮಾರು ಒಂದೇ ವೇಗದವು ಎಂಬುದನ್ನು ನೋಡಿದರೆ ಸಾಕು. ಈ ಕೋರ್‌ಗಳನ್ನೇ ಆಧರಿಸಿ ಲೆಕ್ಕ ಹಾಕುವ ಟೆರಾಫ್ಲಾಪ್ (ಸೆಕೆಂಡಿಗೆ ಎಷ್ಟು ಲಕ್ಷ ಕೋಟಿ ಲೆಕ್ಕ ಎಂಬ) ಅಂಕಿಯನ್ನೂ ಇದೇ ಕಾರಣಕ್ಕೆ ಒಂದೇ ತಲೆಮಾರಿನೊಳಗೆ ಮಾತ್ರ ನಂಬಬೇಕು.

ಇನ್ನು ಮುಖ್ಯ ಕಾರಣ. 1080 ಟಿಐ ಸೇರಿದ ಪ್ಯಾಸ್ಕಲ್ ತಲೆಮಾರಿನಲ್ಲಿ ರೇ ಟ್ರೇಸಿಂಗ್ (ಬೆಳಕಿನ ಕಿರಣಗಳ ಹಾದಿಯನ್ನು ಲೆಕ್ಕ ಹಾಕಿ ಚಿತ್ರಿಸುವ) ಘಟಕಗಳೂ ಇಲ್ಲ, ಎಐ ಲೆಕ್ಕಗಳಿಗೆಂದೇ ಇರುವ ಟೆನ್ಸರ್ ಕೋರ್‌ಗಳೂ ಇಲ್ಲ, ದೃಶ್ಯದ ಆಕಾರಗಳನ್ನು ದಕ್ಷವಾಗಿ ಕಟ್ಟುವ ಮೆಶ್ ಶೇಡರ್ ಸೌಲಭ್ಯವೂ ಇಲ್ಲ. 2023ರಲ್ಲಿ ಅಲನ್ ವೇಕ್ 2 ಆಟ ಬಂದಾಗ ಈ ಕೊನೆಯ ಕೊರತೆಯಿಂದಾಗಿಯೇ ಪ್ಯಾಸ್ಕಲ್ ಕಾರ್ಡ್‌ಗಳು ಕುಂಟಿದವು. ಮರುವರ್ಷದ ತಿದ್ದುಪಡಿಯಿಂದ ಪರಿಸ್ಥಿತಿ ಸ್ವಲ್ಪ ಸುಧಾರಿಸಿತು. 2024ರ ಡಿಸೆಂಬರ್‌ನಲ್ಲಿ ಬಂದ ಇಂಡಿಯಾನಾ ಜೋನ್ಸ್ ಆಟಕ್ಕಂತೂ ರೇ ಟ್ರೇಸಿಂಗ್ ಯಂತ್ರಾಂಶ ಕಡ್ಡಾಯ. ಪ್ಯಾಸ್ಕಲ್ ಕಾರ್ಡ್‌ಗಳಿಗೆ ಹೊಸ ಆಟಗಳ ಡ್ರೈವರ್ ಬಿಡುಗಡೆಯನ್ನು ಎನ್‌ವಿಡಿಯಾ 2025ರ ಅಕ್ಟೋಬರ್‌ಗೆ ಮುಗಿಸಿದೆ. ಇನ್ನು 2028ರವರೆಗೆ ಸಿಗುವುದು ಭದ್ರತಾ ತಿದ್ದುಪಡಿಗಳು ಮಾತ್ರ. ಎನ್‌ವಿಡಿಯಾದ ಲೆಕ್ಕದ ತಂತ್ರಾಂಶವಾದ ಕುಡಾದ 13ನೇ ಆವೃತ್ತಿಯೂ ಇವನ್ನು ಕೈಬಿಟ್ಟಿರುವುದರಿಂದ, ಮನೆಯಲ್ಲೇ ಎಐ ಮಾದರಿಗಳನ್ನು ಓಡಿಸಿ ನೋಡುವ ಆಸೆಯಿದ್ದವರಿಗೆ 1080 ಟಿಐ ತಕ್ಕದ್ದಲ್ಲ. ಈಗಾಗಲೇ ಇದನ್ನು ಬಳಸುತ್ತಿರುವವರು ಬಿಸಾಡಬೇಕಿಲ್ಲ. ಇಂದು ಹಣ ಕೊಟ್ಟು ತರುವುದು ಬೇರೆ ಮಾತು.

3060 ಕೊಳ್ಳುವಾಗ ಅದು 12 ಜಿಬಿಯದೇ ಎಂದು ಖಚಿತಪಡಿಸಿಕೊಳ್ಳಿ. ಇದೇ ಹೆಸರಿನಲ್ಲಿ 128 ಬಿಟ್ ದಾರಿಯ 8 ಜಿಬಿ ಕಾರ್ಡೊಂದು ಆಮೇಲೆ ಬಂದಿದ್ದು, ಅದು ಗಮನಾರ್ಹವಾಗಿ ನಿಧಾನ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಾಗಲಿ ಬೇರೆಲ್ಲೇ ಆಗಲಿ, ಬಳಸಿದ ಕಾರ್ಡನ್ನು ಅರ್ಧ ಗಂಟೆಯಾದರೂ ಪೂರ್ಣ ಹೊರೆಯಲ್ಲಿ ಓಡಿಸಿ ನೋಡದೆ ಹಣ ಕೊಡಬೇಡಿ.

ಪ್ರಶ್ನೆ: ಆರ್‌ಟಿಎಕ್ಸ್ 5070 ಕಾರ್ಡು ಹಿಂದಿನ 4090 ಕಾರ್ಡಿಗೆ ಸಮ ಎಂದು ಕಂಪನಿಯ ಮುಖ್ಯಸ್ಥರೇ ಹೇಳಿದ್ದರಲ್ಲ, ಇದು ನಿಜವೇ?
– ವಿದ್ಯಾರ್ಥಿ, ಕಲಬುರಗಿ

ಉತ್ತರ: 2025ರ ಜನವರಿಯಲ್ಲಿ ಎನ್‌ವಿಡಿಯಾ ಮುಖ್ಯಸ್ಥ ಜೆನ್ಸನ್ ಹುವಾಂಗ್ ಹೀಗೆ ಹೇಳಿದ್ದು ನಿಜ. ಆದರೆ ಆ ಹೋಲಿಕೆ ನಿಂತಿರುವುದು ಎನ್‌ವಿಡಿಯಾದ ಎಐ ತಂತ್ರವಾದ ಡಿಎಲ್‌ಎಸ್‌ಎಸ್ 4ರ ಕೃತಕ ಫ್ರೇಮ್‌ಗಳ (ಪರದೆಯಲ್ಲಿ ಒಂದರ ಹಿಂದೊಂದು ಬರುವ ಚಿತ್ರಗಳ) ಮೇಲೆ. ಆ ಆವೃತ್ತಿಯಲ್ಲಿ 5070 ಕಾರ್ಡು ತಾನು ನಿಜವಾಗಿ ಚಿತ್ರಿಸಿದ ಪ್ರತಿ ಫ್ರೇಮಿನ ಜೊತೆಗೆ ಮೂರರವರೆಗೆ ಫ್ರೇಮ್‌ಗಳನ್ನು ಊಹೆಯಿಂದ ಸೃಷ್ಟಿಸಿ ಸೇರಿಸಬಲ್ಲದು; 4090 ಸೇರಿಸುವುದು ಒಂದನ್ನು ಮಾತ್ರ. ಪರದೆಯ ಮೂಲೆಯಲ್ಲಿ ಕಾಣುವ, ಸೆಕೆಂಡಿಗೆ ಎಷ್ಟು ಫ್ರೇಮ್ ಎಂಬ ಅಂಕಿ ಸಮನಾದರೂ ಮೌಸ್ ಸರಿಸಿದಾಗ ಆಟ ಎಷ್ಟು ಬೇಗ ಸ್ಪಂದಿಸುತ್ತದೆ ಎಂಬುದು ನಿಜವಾದ ಫ್ರೇಮ್‌ಗಳನ್ನೇ ಅವಲಂಬಿಸಿರುತ್ತದೆ. 4090ರಲ್ಲಿ 16384 ಕೋರ್‌ಗಳೂ 24 ಜಿಬಿ ಮೆಮೊರಿಯೂ ಇವೆ, 5070ರಲ್ಲಿ 6144 ಕೋರ್‌ಗಳು, 12 ಜಿಬಿ. ಇವು ಹತ್ತಿರದ ತಲೆಮಾರುಗಳಾದ್ದರಿಂದ ಇಲ್ಲಿ ಕೋರ್ ಸಂಖ್ಯೆಗೆ ಒಂದಿಷ್ಟು ಅರ್ಥವಿದೆ. ಕೃತಕ ಫ್ರೇಮ್‌ಗಳನ್ನು ಬದಿಗಿಟ್ಟರೆ 4090 ಬಹಳ ಮುಂದಿದೆ. ಈ ತಂತ್ರ ನಿರುಪಯುಕ್ತವೆಂದು ನಾನು ಹೇಳುತ್ತಿಲ್ಲ. ಮೊದಲೇ ಸೆಕೆಂಡಿಗೆ ಅರವತ್ತು ಫ್ರೇಮ್‌ಗಳ ಆಸುಪಾಸಿನಲ್ಲಿ ಓಡುತ್ತಿರುವ ಆಟವನ್ನು ಅದು ನಯಗೊಳಿಸುತ್ತದೆ, ಇಪ್ಪತ್ತರಲ್ಲಿ ತೆವಳುತ್ತಿರುವುದನ್ನು ಉದ್ಧರಿಸುವುದಿಲ್ಲ. ಹಾಗಾಗಿ ಯಾವುದೇ ಹೋಲಿಕೆಯ ನಕ್ಷೆಯನ್ನು ನೋಡುವ ಮೊದಲು ಫ್ರೇಮ್ ಜನರೇಶನ್ (ಕೃತಕ ಫ್ರೇಮ್ ಸೃಷ್ಟಿ) ಬಳಸಲಾಗಿದೆಯೇ ಎಂದು ಕೆಳಗಿನ ಸಣ್ಣ ಅಕ್ಷರಗಳನ್ನು ಓದಿ.

ಪ್ರಶ್ನೆ: ನನ್ನ ಬಳಿ 8 ಜಿಬಿಯ ರೇಡಿಯಾನ್ ಆರ್‌ಎಕ್ಸ್ 580 ಇದೆ. ಆರ್‌ಎಕ್ಸ್ 6500 ಎಕ್ಸ್‌ಟಿಗೆ ಬದಲಾಯಿಸಲೇ?
– ಓದುಗರು, ಉಡುಪಿ

ಉತ್ತರ: ಬೇಡ. 2017ರ 580 ಕಾರ್ಡಿನಲ್ಲಿ 256 ಬಿಟ್ ಮೆಮೊರಿ ದಾರಿಯಿದೆ. 2022ರ 6500 ಎಕ್ಸ್‌ಟಿಯಲ್ಲಿ 64 ಬಿಟ್, ಮೆಮೊರಿ ಕೇವಲ 4 ಜಿಬಿ. ಅದಕ್ಕಿಂತ ಮುಖ್ಯವಾಗಿ, ಹೊಸ ಕಾರ್ಡು ಮದರ್‌ಬೋರ್ಡಿನೊಂದಿಗೆ ಪಿಸಿಐ ಎಕ್ಸ್‌ಪ್ರೆಸ್ ಸಂಪರ್ಕದ ನಾಲ್ಕು ಲೇನ್‌ಗಳಲ್ಲಿ (ಪಥಗಳಲ್ಲಿ) ಮಾತ್ರ ವ್ಯವಹರಿಸುತ್ತದೆ. 580 ಹಾಕಿರುವ ಹಳೆಯ ಬೋರ್ಡುಗಳಲ್ಲಿ ಸಾಮಾನ್ಯವಾಗಿ ಇರುವ ಮೂರನೆಯ ಆವೃತ್ತಿಯ ಸ್ಲಾಟ್‌ನಲ್ಲಿ ಆ ದಾರಿಯ ಸಾಮರ್ಥ್ಯವೂ ಅರ್ಧಕ್ಕೆ ಇಳಿಯುವುದರಿಂದ, ಮೆಮೊರಿ ತುಂಬಿದ ಕೂಡಲೇ ಆಟ ತಡವರಿಸುತ್ತದೆ. ಆಟವನ್ನು ರೆಕಾರ್ಡ್ ಮಾಡುವ ವಿಡಿಯೊ ಎನ್‌ಕೋಡರ್ ಕೂಡ ಅದರಲ್ಲಿಲ್ಲ.

ಪ್ರಶ್ನೆ: ಹಳೆಯ ಕಾರ್ಡಿನಿಂದ ವಿದ್ಯುತ್ ಬಿಲ್ ಎಷ್ಟು ಹೆಚ್ಚುತ್ತದೆ?
– ಗೃಹಿಣಿ, ಮೈಸೂರು

ಉತ್ತರ: 1080 ಟಿಐ ಪೂರ್ಣ ಹೊರೆಯಲ್ಲಿ 250 ವ್ಯಾಟ್, ಆರ್‌ಟಿಎಕ್ಸ್ 4060 ಕಾರ್ಡು 115 ವ್ಯಾಟ್ ಎಳೆಯುತ್ತವೆ. ಮಕ್ಕಳು ದಿನಕ್ಕೆ ನಾಲ್ಕು ಗಂಟೆ ಆಡಿದರೆ (ಅಷ್ಟು ಆಡಬಾರದು, ಆ ಮಾತು ಬೇರೆ) ತಿಂಗಳಿಗೆ ಸುಮಾರು 16 ಯೂನಿಟ್‌ಗಳ ವ್ಯತ್ಯಾಸ. ಯೂನಿಟ್‌ಗೆ ಆರು ರೂಪಾಯಿಯಂತೆ ಹಿಡಿದರೆ ನೂರು ರೂಪಾಯಿಯೂ ಆಗದು, ಹೀಗಾಗಿ ಬಿಲ್ ಉಳಿಸುವುದಕ್ಕೆಂದೇ ಹೊಸ ಕಾರ್ಡು ಕೊಳ್ಳುವುದು ಲಾಭದ ಮಾತಲ್ಲ. ಗೃಹಜ್ಯೋತಿಯ ಮಿತಿಯ ಅಂಚಿನಲ್ಲಿರುವ ಮನೆಗೆ ಮಾತ್ರ ಈ 16 ಯೂನಿಟ್ ಲೆಕ್ಕಕ್ಕೆ ಬಂದೀತು. ಅಂಥವರು ಆಟದ ಸೆಟ್ಟಿಂಗ್‌ನಲ್ಲಿ ಫ್ರೇಮ್ ಮಿತಿಯನ್ನು ಅರವತ್ತಕ್ಕೆ ನಿಲ್ಲಿಸಿದರೆ ಹಗುರ ಆಟಗಳಲ್ಲಿ ಹಳೆಯ ಕಾರ್ಡೂ ಸಾಕಷ್ಟು ಕಡಿಮೆ ವಿದ್ಯುತ್ ಬಳಸುತ್ತದೆ.