ಹೇಳದೆಯೇ ಹೇಳುವ ಪ್ರಚಾರ

ಪ್ರಶ್ನೆ: ಎರಡನೇ ಮಹಾಯುದ್ಧದ ಕಾಲದ ‘ಲಿಸನ್ ಟು ಬ್ರಿಟನ್’ ನೋಡಿದೆ. ಶತ್ರುವಿನ ಮಾತೇ ಇಲ್ಲ, ವಿವರಣೆಯ ದನಿಯೂ ಇಲ್ಲ. ಜನ ಸುಮ್ನೆ ಹಾಡುತ್ತಾರೆ, ಕುಣಿಯುತ್ತಾರೆ, ಕೆಲಸ ಮಾಡುತ್ತಾರೆ. ಇದು ಪ್ರಚಾರ ಚಿತ್ರ ಹೇಗಾಗುತ್ತದೆ?

ಉತ್ತರ: ಪ್ರಚಾರವೇ, ಅದೂ ಸರ್ಕಾರದ್ದೇ. ಬ್ರಿಟನ್ನಿನ ಮಾಹಿತಿ ಸಚಿವಾಲಯದ ಕೈಕೆಳಗಿದ್ದ ಕ್ರೌನ್ ಫಿಲ್ಮ್ ಯೂನಿಟ್ 1942ರಲ್ಲಿ ತಯಾರಿಸಿದ 20 ನಿಮಿಷದ ಚಿತ್ರ ಅದು. ಮಾಡಿದವರು ಹಂಫ್ರಿ ಜೆನಿಂಗ್ಸ್ ಮತ್ತು ಸಂಕಲನಕಾರ ಸ್ಟೀವರ್ಟ್ ಮೆಕ್‌ಆಲಿಸ್ಟರ್. ಹೊರದೇಶದವರಿಗೆ ಅರ್ಥವಾಗಲಿ ಅಂತ ಶುರುವಿನಲ್ಲಿ ಕೆನಡಾದ ವಕೀಲರೊಬ್ಬರ ಪುಟ್ಟ ಭಾಷಣವನ್ನೂ ಆಮೇಲೆ ಸೇರಿಸಿದರು. ನಿಮ್ಮ ಅನುಮಾನ ಆಗಲೇ ಕೆಲವರಿಗೆ ಬಂದಿತ್ತು ನೋಡಿ.

ಕ್ಯಾಂಟೀನ್ ದೃಶ್ಯ ನೆನಪಿದೆ ಅಲ್ವಾ? ಕಾರ್ಖಾನೆಯಲ್ಲಿ ಊಟದ ಹೊತ್ತು. ಆಗಿನ ಜನಪ್ರಿಯ ಹಾಸ್ಯಗಾಯಕರಾದ ಫ್ಲಾನಗನ್ ಮತ್ತು ಆಲನ್ ಜೋಡಿ ಹಾಡುತ್ತಿದೆ, ಕೆಲಸಗಾರರು ಉಣ್ಣುತ್ತಲೇ ದನಿಗೂಡಿಸುತ್ತಾರೆ. ಹಾಡು ಮುಗಿಯುವ ಸ್ವರದಲ್ಲೇ ಇನ್ನೊಂದು ಸಂಗೀತ ಎದ್ದು ಬರುತ್ತದೆ. ಈಗ ನಾವು ಲಂಡನ್ನಿನ ಕಲಾ ಸಂಗ್ರಹಾಲಯ ನ್ಯಾಷನಲ್ ಗ್ಯಾಲರಿಯಲ್ಲಿದ್ದೇವೆ. ಬಾಂಬಿನ ಭಯಕ್ಕೆ ವರ್ಣಚಿತ್ರಗಳನ್ನೆಲ್ಲ ಬೇರೆಡೆ ಸಾಗಿಸಿದ್ದಾರೆ, ಖಾಲಿ ಚೌಕಟ್ಟುಗಳು ಕಾಣುತ್ತವೆ. ಮೈರಾ ಹೆಸ್ ಪಿಯಾನೊ ನುಡಿಸುತ್ತಿದ್ದಾರೆ. ಕೇಳುಗರ ನಡುವೆ ರಾಣಿಯೂ ಕೂತಿದ್ದಾರೆ.

ಮೇಲು ಕೀಳು ಅಷ್ಟೊಂದು ಇದ್ದ ದೇಶದಲ್ಲಿ ಕಾರ್ಮಿಕರ ಹಾಡೂ ರಾಣಿ ಕೇಳುವ ಸಂಗೀತವೂ ಒಂದೇ ಅಂತ ಭಾಷಣ ಮಾಡಿದ್ದರೆ ಎಷ್ಟು ಜನ ನಂಬುತ್ತಿದ್ದರು? ಇಲ್ಲಿ ಕಿವಿಯೇ ಒಪ್ಪಿಬಿಡುತ್ತದೆ. ಇನ್ನೊಂದು ವಿಷಯ. ಮೈರಾ ಹೆಸ್ ನುಡಿಸುವುದು ಮೊಜಾರ್ಟ್‌ನ ಕೃತಿ. ಅವನು ಹುಟ್ಟಿದ, ಆಸ್ಟ್ರಿಯಾದ ಸಾಲ್ಸ್‌ಬರ್ಗ್ ಆಗ ಹಿಟ್ಲರ್ ಕೈಯಲ್ಲಿತ್ತು. ‘ನಮ್ಮ ಜಗಳ ಸಂಗೀತದ ಮೇಲಲ್ಲ’ ಎಂಬುದನ್ನು ಬಾಯಿಬಿಟ್ಟು ಹೇಳುವ ಅಗತ್ಯವೇ ಬರಲಿಲ್ಲ. ಶತ್ರುವನ್ನು ಬೈಯುವ ಎಷ್ಟೋ ಚಿತ್ರಗಳಿಗಿಂತ ಇದು ಜಾಸ್ತಿ ಪರಿಣಾಮಕಾರಿ ಅಂತ ನನಗನಿಸುವುದು ಇದಕ್ಕೇ.

ಆದರೆ ಈ ‘ನಾವು’ ಯಾರು ಅಂತಲೂ ಕೇಳಬೇಕು. ರೈಲಿನಲ್ಲಿ ಹಾಡುವ ಕೆನಡಾದ ಸೈನಿಕರಿಗೆ ಇಲ್ಲಿ ಜಾಗ ಸಿಕ್ಕಿದೆ. ಆ ಯುದ್ಧದಲ್ಲಿ ಬ್ರಿಟನ್ ಪರ ದುಡಿದ ಭಾರತದ ಸೈನಿಕರು ಸುಮಾರು 25 ಲಕ್ಷ. ಅವರ ದನಿ ಮಾತ್ರ ಕೇಳುವುದಿಲ್ಲ. ನನಗೆ ತುಂಬ ಇಷ್ಟದ ಚಿತ್ರ ಇದು. ಹಾಗಿದ್ದೂ ಪ್ರತಿ ಸಲ ನೋಡುವಾಗ ಈ ಕೊರತೆ ಚುಚ್ಚುತ್ತದೆ.

ಇನ್ನೊಮ್ಮೆ ನೋಡುವಾಗ ಕ್ಯಾಂಟೀನ್ ಹಾಡು ಮುಗಿಯುವ ಕಡೆ ಕಣ್ಣು ಮುಚ್ಚಿಕೊಳ್ಳಿ. ಹಾಡು ಎಲ್ಲಿ ನಿಂತಿತು, ಮೊಜಾರ್ಟ್ ಎಲ್ಲಿ ಶುರುವಾಯಿತು, ಕಿವಿಯಿಂದಲೇ ಹುಡುಕಿ ನೋಡಿ.