ಸಲಹೆಗಾರರು ಇರುವಾಗ ನಿವೃತ್ತಿಗಾಗಿ ಹಣಕಾಸಿನ ಲೆಕ್ಕ ನಾವೂ ಕಲಿಯಬೇಕೆ?

ನಿಮಗೆ 35 ವರ್ಷ. 60ರ ನಂತರ ತಿಂಗಳಿಗೆ ಇಂತಿಷ್ಟು ಎಂದು ಖಾತರಿ ಕೊಡುವ ಪಿಂಚಣಿ ಯೋಜನೆಯೊಂದನ್ನು ಸಲಹೆಗಾರರು ತೋರಿಸಿದ್ದಾರೆ, ಆ ಮೊತ್ತ ನಿಮ್ಮ ಈಗಿನ ಮನೆಖರ್ಚಿಗೆ ಸರಿಹೊಂದುತ್ತದೆ ಎಂದು ಬರೆದಿದ್ದೀರಿ. ಹಾಗಿದ್ದ ಮೇಲೆ ಕಲಿಯುವ ಕಷ್ಟ ಯಾಕೆ ಎಂಬುದು ನಿಮ್ಮ ಪ್ರಶ್ನೆ.

ಕಲಿಯಲೇಬೇಕು ಅನ್ನುತ್ತೇನೆ. ಷೇರುಪೇಟೆಯ ಒಳಹೊರಗೆಲ್ಲ ಬೇಡ, ಆ ಯೋಜನೆಯನ್ನು ನೀವೇ ಅಳೆದು ನೋಡುವಷ್ಟು ಸಾಕು. ಈಗಲೇ ಅಳೆಯೋಣ.

ನಿಮ್ಮ ತಿಂಗಳ ಖರ್ಚು 100 ಎಂದಿಟ್ಟುಕೊಳ್ಳಿ. ಬೆಲೆಗಳು ವರ್ಷಕ್ಕೆ ಶೇ 6ರಂತೆ ಏರಿದರೆ 25 ವರ್ಷದ ನಂತರ ಇದೇ ಬದುಕು ನಡೆಸಲು ಸುಮಾರು 429 ಬೇಕಾಗುತ್ತದೆ. ಕೈಗೆ ಬರುವ 100, ಮೊದಲ ತಿಂಗಳಲ್ಲೇ ಖರ್ಚಿನ ಕಾಲುಭಾಗಕ್ಕೂ ಸಾಲದು. ಶೇ 6 ಜಾಸ್ತಿಯಾಯಿತು ಅನ್ನಿಸಿದರೆ ಶೇ 3 ಹಾಕಿ ನೋಡಿ, ಆಗಲೂ 209 ಬೇಕು. ಇಷ್ಟಕ್ಕೇ ಮುಗಿಯುವುದಿಲ್ಲ. 72ನ್ನು ಏರಿಕೆ ದರದಿಂದ ಭಾಗಿಸಿದರೆ ಖರ್ಚು ದುಪ್ಪಟ್ಟಾಗಲು ಎಷ್ಟು ವರ್ಷ ಬೇಕೆಂದು ಸುಮಾರಾಗಿ ತಿಳಿಯುತ್ತದೆ. ಶೇ 6ಕ್ಕೆ 12 ವರ್ಷ. ಅಂದರೆ 72ನೇ ವಯಸ್ಸಿಗೆ ಖರ್ಚು ಇನ್ನೊಮ್ಮೆ ದುಪ್ಪಟ್ಟು, 84ಕ್ಕೆ ಮತ್ತೊಮ್ಮೆ. ವರ್ಷವರ್ಷ ಏರದ ಪಿಂಚಣಿಯಾದರೆ ಅದು ಮಾತ್ರ ನಿಂತಲ್ಲೇ ನಿಂತಿರುತ್ತದೆ.

ನಿಮ್ಮ ಸಲಹೆಗಾರರು ಸುಳ್ಳೇನೂ ಹೇಳಿಲ್ಲ. ಖಾತರಿ ನಿಜವೇ ಇರಬಹುದು. ಆದರೆ ಅದು ಅಂಕಿಗೆ ಕೊಟ್ಟ ಖಾತರಿ, ಆ ಹಣದಿಂದ ಏನು ಕೊಳ್ಳಬಹುದು ಎಂಬುದಕ್ಕಲ್ಲ. ಈ ವ್ಯತ್ಯಾಸ ಗೊತ್ತಿಲ್ಲದವರಿಗೆ ಅದರ ಬಗ್ಗೆ ಕೇಳಬೇಕು ಎಂದೇ ಹೊಳೆಯುವುದಿಲ್ಲ. ನಿವೃತ್ತಿ ಹತ್ತಿರವಾದ ಸಹೋದ್ಯೋಗಿಗಳ ಜೊತೆ ಕೂತು ಇದೇ ಲೆಕ್ಕ ಮಾಡುವಾಗ ನನಗೆ ತುಂಬ ಸಂಕಟವಾಗುತ್ತದೆ. 58ರಲ್ಲಿ ಇದು ಅರ್ಥವಾದರೆ ಸರಿಪಡಿಸಲು ವರ್ಷಗಳೇ ಉಳಿದಿರುವುದಿಲ್ಲ. ನಿಮಗೆ 25 ವರ್ಷ ಇದೆ.

ಇದು ದಡ್ಡತನದ ಮಾತಲ್ಲ. ಅನ್ನಮಾರಿಯಾ ಲುಸಾರ್ಡಿ ಮತ್ತು ಒಲಿವಿಯಾ ಮಿಚೆಲ್ ಎಂಬ ಅರ್ಥಶಾಸ್ತ್ರಜ್ಞರು 2004ರಲ್ಲಿ ಅಮೆರಿಕದ 50 ದಾಟಿದವರಿಗೆ ಬಡ್ಡಿ, ಹಣದುಬ್ಬರ, ಹೂಡಿಕೆಯನ್ನು ಹಂಚಿ ಇಡುವುದು, ಇವುಗಳ ಮೇಲೆ ಮೂರು ಸರಳ ಪ್ರಶ್ನೆ ಕೇಳಿಸಿದ್ದರು. ಮೂರಕ್ಕೂ ಸರಿಯುತ್ತರ ಕೊಟ್ಟವರು ಸುಮಾರು ಮೂರನೇ ಒಂದು ಭಾಗ ಮಾತ್ರ. ಜೀವನವಿಡೀ ದುಡಿದು, ಸಾಲ ತೀರಿಸಿ, ಸಂಸಾರ ನಡೆಸಿದವರು ಅವರೆಲ್ಲ.

ಹಾಗಂತ ಎಂದೋ ಒಂದು ತರಗತಿಗೆ ಹೋಗಿ ಬಂದರೆ ಸಾಕು ಅಂದುಕೊಳ್ಳಬೇಡಿ. ಕಲಿತದ್ದು ಕಾಲ ಕಳೆದಂತೆ ಮರೆತುಹೋಗುತ್ತದೆ, ಅದರ ಪರಿಣಾಮವೂ ಕರಗುತ್ತದೆ ಎಂದು 2014ರ ದೊಡ್ಡ ವಿಶ್ಲೇಷಣೆಯೊಂದು ತೋರಿಸಿತ್ತು. 76 ಪ್ರಯೋಗಗಳನ್ನು ಒಟ್ಟುಗೂಡಿಸಿದ 2022ರ ಇನ್ನೊಂದು ವಿಶ್ಲೇಷಣೆಗೆ ಇದಕ್ಕಿಂತ ಒಳ್ಳೆಯ ಫಲ ಕಂಡಿತು. ನನ್ನ ಅಭಿಪ್ರಾಯದಲ್ಲಿ ನಿರ್ಧಾರ ಎದುರಿಗಿರುವಾಗ ಕಲಿತದ್ದೇ ಕೈಹಿಡಿಯುತ್ತದೆ. ಅದಕ್ಕೇ ನಿಮಗೆ ಇದೇ ಸರಿಯಾದ ಸಮಯ.

ಶುಲ್ಕದ ಮಾತೂ ಇದೆ. 100 ಹಾಕಿ, ವರ್ಷಕ್ಕೆ ಶೇ 8 ಬೆಳೆದರೆ 25 ವರ್ಷಕ್ಕೆ ಸುಮಾರು 685 ಆಗುತ್ತದೆ. ಶುಲ್ಕ ಕಳೆದು ಶೇ 7 ಮಾತ್ರ ಉಳಿದರೆ 543. "ಒಂದೇ ಪರ್ಸೆಂಟ್ ಅಲ್ಲವೇ" ಅನ್ನಿಸಿದ್ದು ಕೊನೆಗೆ ಐದನೇ ಒಂದು ಭಾಗವನ್ನೇ ತಿಂದಿರುತ್ತದೆ.

ಆದ್ದರಿಂದ ಸಲಹೆಗಾರರನ್ನು ಬಿಡಬೇಡಿ, ಸಹಿಯನ್ನು ಮಾತ್ರ ಸ್ವಲ್ಪ ತಡೆಯಿರಿ. ಪಿಂಚಣಿ ವರ್ಷವರ್ಷ ಏರುತ್ತದೆಯೇ, ಏರಿದರೆ ಎಷ್ಟು? ಎಲ್ಲ ಶುಲ್ಕ ಸೇರಿ ವರ್ಷಕ್ಕೆ ಶೇಕಡಾ ಎಷ್ಟು? ನಡುವೆ ಬಿಟ್ಟರೆ ಕೈಗೆ ಎಷ್ಟು ಬರುತ್ತದೆ? ಉತ್ತರಗಳನ್ನು ಬರಹದಲ್ಲಿ ತೆಗೆದುಕೊಂಡು, ಮೇಲಿನ ಲೆಕ್ಕಕ್ಕೆ ನಿಮ್ಮ ಅಂಕಿಗಳನ್ನೇ ಹಾಕಿ ನೋಡಿ. ಎಲ್ಲಾದರೂ ಸಿಕ್ಕಿಕೊಂಡರೆ ಇಲ್ಲೇ ಬರೆಯಿರಿ, ಕೂತು ಬಿಡಿಸೋಣ.